ಜರ ಅದ್ರೀ

ಗೋಡೆಯ ದೊಡ್ಡ ಪರದೆಯ ಮೇಲೆ ಸಂಜುಕುಮಾರ ಸರ್ ಬೆರಳಿಟ್ಟು ತೋರಿಸಿದ ಹಸಿರು ಚುಕ್ಕಿ ಜಯಮಾಲಾಳದು. ಮೊನ್ನೆ ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಒಂದು ಕೈಯಿಂದ ಡಬ್ಬಿಯ ಮುಚ್ಚಳ ತಿರುವುತ್ತ, ಇನ್ನೊಂದು ಕೈಯಿಂದ ಅದನ್ನು ಹಸಿರು ಮಾಡಿದವಳು ಅವಳೇ.

"ಇದನ್ನೇ ಕೇಳೋಣ," ಎಂದು ಸರ್ ಮರಾಠಿಯಲ್ಲಿ ಹೇಳಿದರು. ಕಚೇರಿಯ ಕೆಲಸ ನೋಡಲು ಪುಣೆಯಿಂದ ಬಂದಿದ್ದ ಇಬ್ಬರು ಅತಿಥಿಗಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ದಾಳಿಂಬ ಎಂಬ ಊರಿನ ಬಾಣಂತಿ. ಹೆಸರು ಶಿವಾನಿ. ಹೊಸಿಲು ದಾಟಿ ಹೊರಗೆ ಬರುವ ಹಾಗಿಲ್ಲ. ಆದರೂ ತನ್ನ ಮೈಯ ಸುದ್ದಿಯನ್ನು ತಾನೇ ಹೇಳುತ್ತಾಳೆ, ಕೇಳಿ."

ಗಡಿಯಾಚೆ, ಮರಾಠಿ ಸೀಮೆಯ ಉಮರ್ಗಾದ ಹೆದ್ದಾರಿಯ ಬದಿಗೆ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ಮೇಲಿದ್ದ ಆ ಕಚೇರಿಯಲ್ಲಿ ನಡೆಯುತ್ತಿದ್ದ ಸೇವೆಯ ಹೆಸರು 'ಸೋಬತ'. ಮರಾಠಿಯಲ್ಲಿ ಹಾಗೆಂದರೆ ಜೊತೆ. ಹೆರಿಗೆಯಾಗಿ ಮನೆಗೆ ಮರಳಿದ ಹೆಣ್ಣುಮಕ್ಕಳಿಗೆ ದಿನ ಬಿಟ್ಟು ದಿನ ಒಂದು ಯಂತ್ರ ಫೋನು ಮಾಡುತ್ತಿತ್ತು. 'ಕಾಹೀ ತ್ರಾಸ ಆಹೇ ಕಾ?' ಏನಾದರೂ ತ್ರಾಸ ಇದೆಯೇ ಎಂದು ಕೇಳುತ್ತಿತ್ತು. ಅವರು ಬಾಯಿಗೆ ಬಂದ ಮಾತಿನಲ್ಲಿ ಉತ್ತರಿಸಿದರೆ ಸಾಕು, ಆ ಧ್ವನಿ ಕಚೇರಿಗೆ ಬಂದು ಬೀಳುತ್ತಿತ್ತು. ಜಯಮಾಲಾಳಂಥವರು ಅದನ್ನು ಹೆಡ್‌ಫೋನಿನಲ್ಲಿ ಕೇಳಿ, ಒಂದು ಸಾಲಿನಲ್ಲಿ ಬರೆದುಕೊಂಡು, ತ್ರಾಸ ಇಲ್ಲದಿದ್ದರೆ ಅಥವಾ ಅಲ್ಪಸ್ವಲ್ಪವಿದ್ದರೆ ಹಸಿರು, ಹೆಚ್ಚಿದ್ದರೆ ಕೆಂಪು ಒತ್ತಬೇಕು. ಕೆಂಪು ಬಿದ್ದ ಕೂಡಲೇ ಉದಗೀರದಲ್ಲಿ ಡಾಕ್ಟರ ಮೊಬೈಲು ರಿಂಗಣಿಸುತ್ತಿತ್ತು, ಇಲ್ಲಿಂದ ಗಾಡಿ ಹೊರಡುತ್ತಿತ್ತು. ತನ್ನ ಬಗ್ಗೆ ಕಚೇರಿಯವರು ಏನು ಬರೆದುಕೊಂಡರೆಂಬುದನ್ನು ಯಂತ್ರವೇ ಬಾಣಂತಿಗೆ ತಿರುಗಿ ಓದಿ ಹೇಳುವುದು ಸೋಬತದ ಹೆಗ್ಗಳಿಕೆ. ಸರಿಯಿದ್ದರೆ ಒಂದು ಒತ್ತಬೇಕು, ತಪ್ಪಿದ್ದರೆ ಎರಡು. "ರೋಗಿಯ ಒಪ್ಪಿಗೆಯಿಲ್ಲದೆ ಒಂದಕ್ಷರವೂ ನಮ್ಮಲ್ಲಿ ದಾಖಲಾಗುವುದಿಲ್ಲ," ಎಂದು ಸರ್ ಎದೆಯುಬ್ಬಿಸಿ ಹೇಳುತ್ತಿದ್ದ ಮಾತು ಸುಳ್ಳಲ್ಲ.

ಧ್ವನಿವರ್ಧಕ ಒಮ್ಮೆ ಗೊರಗುಟ್ಟಿತು. ಯಂತ್ರದ ಪ್ರಶ್ನೆ. ಬಳೆಯ ಸದ್ದು. ಆಮೇಲೆ ತೀರ ಎಳೆಯದಾದ, ಅದುರುವ ಒಂದು ಕೊರಳು:

"ಜರ ಅದ್ರೀ."

ಅತಿಥಿಗಳಲ್ಲೊಬ್ಬರು ನಕ್ಕು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಎಳ್ಳಿನಷ್ಟು ಜಾಗ ಬಿಟ್ಟು ತೋರಿಸಿದರು. "ಜರಾ! ಸ್ವಲ್ಪವೇ ಇದೆ ಅಂತಾಳೆ. ಎಷ್ಟು ಚೆಂದ ಹೇಳಿದಳು!"

ಎಲ್ಲರೂ ನಕ್ಕರು. ಜಯಮಾಲಾ ಮಾತ್ರ ಪರದೆಯ ಹಸಿರು ಚುಕ್ಕಿಯನ್ನೇ ನೋಡಿದಳು.

ಅದು ಮರಾಠಿಯ ಜರಾ ಅಲ್ಲ. ಜರ. ಕೊನೆಗೆ ಎಳೆತವಿಲ್ಲ, ದೀರ್ಘವಿಲ್ಲ, ಕತ್ತರಿಸಿದಂತೆ ನಿಂತಿದೆ. ಹುಡುಗಿ ಹೇಳಿದ್ದು ಕನ್ನಡ. ತನಗೆ ಜ್ವರ ಇದೆ ಎಂದು ಹೇಳಿದ್ದಳು.

ಮೊನ್ನೆ ಇದೇ ಮಾತನ್ನು ಜಯಮಾಲಾ ಕೇಳಿರಲಿಲ್ಲವೇ? ಕೇಳಿದ್ದಳು. ಆದರೆ ಸರದಿಯಲ್ಲಿ ನಿಂತ ಧ್ವನಿಗಳು ಬೇಗ ಕರಗಲೆಂದು ವೇಗ ಹೆಚ್ಚಿಸಿ ಕೇಳುವುದು ಅವಳ ರೂಢಿ. ವೇಗದಲ್ಲಿ ದೀರ್ಘವೂ ಹ್ರಸ್ವವಾಗುತ್ತದೆ. ದಿನಕ್ಕೆ ಹಲವು ಸಲ ಬರುವ 'ಜರಾ' ಅವಳ ಕಿವಿಯಲ್ಲಿ 'ಜರ' ಎಂದೇ ಮೊಳಗಿ, ಸ್ವಲ್ಪ ಎಂಬ ಅರ್ಥ ಕೊಟ್ಟು ಹಾದುಹೋಗುತ್ತಿತ್ತು. ನಿಜವಾದ ಜರ ಬಂದಾಗಲೂ ಹಾಗೆಯೇ ಹಾದುಹೋಯಿತು.

ಬೇರೆ ಯಾರಾದರೂ ಹೀಗೆ ಎಡವಿದ್ದರೆ ಕ್ಷಮೆಯಿತ್ತು. ಅವರ ಭಾಷೆ ಅದಲ್ಲ. ಜಯಮಾಲಾ ಹುಟ್ಟಿದ್ದು ಆ ಸೀಮೆಯ ಊರುಗಳನ್ನು ನೆಲಸಮ ಮಾಡಿದ ಭೂಕಂಪದ ಮರುವರ್ಷ, ತಗಡಿನ ಶೆಡ್ಡಿನಲ್ಲಿ, ಕನ್ನಡ ಬಿಟ್ಟು ಬೇರೆ ಮಾತು ಬಾರದ ಅಜ್ಜಿಯ ಮಡಿಲಿಗೆ. 'ಜರ ಬಂದಾದ ಕೂಸಿಗೆ' ಎಂದು ಆ ಮುದುಕಿ ಹಣೆ ಮುಟ್ಟುತ್ತಿದ್ದುದು ಅವಳ ಮೊದಲ ನೆನಪುಗಳಲ್ಲೊಂದು. ನಿಲಂಗಾದ ಶಾಲೆಯಲ್ಲಿ ಹುಡುಗಿಯರು 'ಯಂಡುಗುಂಡು, ಯಂಡುಗುಂಡು' ಎಂದು ಅವಳ ಮಾತನ್ನು ಅಣಕಿಸಿ ಜಡೆ ಎಳೆದ ಮೇಲೆ ಆ ಭಾಷೆಯನ್ನು ಒಳಗೆಲ್ಲೋ ಹೂತಿಟ್ಟಳು. ಸೇವೆ ಆರಂಭವಾದಾಗ ಸರ್ ಎಲ್ಲರನ್ನೂ ಕೂರಿಸಿ, "ಗಡಿಯೂರುಗಳಿಗೆ ಕನ್ನಡದಲ್ಲೂ ಧ್ವನಿ ತುಂಬಬೇಕು, ಬರೆದುಕೊಂಡದ್ದನ್ನು ಕನ್ನಡದಲ್ಲೇ ಓದಿ ಹೇಳಬೇಕು, ಯಾರಿಗೆ ಬರುತ್ತದೆ?" ಎಂದು ಕೇಳಿದ್ದರು. ಜಯಮಾಲಾ ತನ್ನ ಉಗುರು ನೋಡಿಕೊಳ್ಳುತ್ತ ಕುಳಿತಿದ್ದಳು. "ಇಲ್ಲಿನವರಿಗೆಲ್ಲ ಮರಾಠಿ ತಿಳಿಯುತ್ತದೆ ಸರ್," ಎಂದೂ ಸೇರಿಸಿದ್ದಳು. ಹಾಗಾಗಿ ಯಂತ್ರ ಮರಾಠಿಯಲ್ಲೇ ಉಳಿಯಿತು.

ಈಗ ಅವಳು ಎದ್ದು ನಿಂತು ಎರಡು ಮಾತು ಹೇಳಿದರೆ ಸಾಕಿತ್ತು: ತಪ್ಪಾಗಿದೆ, ಕೆಂಪು ಒತ್ತಿ. ಆದರೆ ಹಸಿರನ್ನು ಕೆಂಪು ಮಾಡಿದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ತನಗೆ ಕನ್ನಡ ಬರುತ್ತದೆಂದು ತಿಳಿಯುತ್ತದೆ. ಬರುತ್ತಿದ್ದೂ ಅಂದು ಕೈ ಎತ್ತಲಿಲ್ಲವೆಂದು ತಿಳಿಯುತ್ತದೆ. ಅದೂ ಈ ಅತಿಥಿಗಳ ಮುಂದೆ. ಅವಳು ಸೆರಗು ಸರಿಪಡಿಸಿಕೊಂಡು, ಸದ್ದಾಗದಂತೆ ಮೆಟ್ಟಿಲಿಗೆ ಬಂದು, ಶಿವಾನಿಯ ಸಂಖ್ಯೆ ಒತ್ತಿದಳು.

ಎತ್ತಿದ್ದು ಅತ್ತೆ, ಸರುಬಾಯಿ. ಜಯಮಾಲಾ ಮರಾಠಿಯಲ್ಲಿ ಕೇಳಿದಳು. ಆಕೆಯೂ ಮರಾಠಿಯಲ್ಲೇ ಉತ್ತರಿಸಿದಳು.

"ಹುಡುಗಿಗೆ ಮೈ ಬಿಸಿ ಇದೆಯೇ?"

"ಬಾಣಂತಿಯ ಮೈ ತಣ್ಣಗಿದ್ದರೆ ಹೇಗೆ ತಾಯಿ? ಮಂಚದ ಕೆಳಗೆ ಶೇಗಡಿಯಲ್ಲಿ ಕೆಂಡ ಹಾಕಿಟ್ಟಿದ್ದೇವೆ. ಬಿಸಿ ಇರಲೇಬೇಕು."

"ನಡುಗುತ್ತಾಳೆಯೇ?"

"ಅದಕ್ಕೇ ಇನ್ನಷ್ಟು ಕೆಂಡ ಹಾಕಿದ್ದು." ಆಮೇಲೆ ಫೋನು ದೂರ ಹಿಡಿದು ಒಳಗೆ ಕೂಗಿದ್ದು ಕನ್ನಡದಲ್ಲಿ: "ಏ ಶಿವಾನಿ, ಮೈಮ್ಯಾಲಿನ ಚಾದರ ತಗದ ಒಗಿಬ್ಯಾಡ ಅಂದೀನಿಲ್ಲ? ಫೋನಿನವ್ರು ಕೇಳ್ಲತಾರ, ಮರ್ಯಾದಿ ಕಳೀಬ್ಯಾಡ!"

ಒಳಗಿನಿಂದ ನರಳಿಕೆಯೊಂದು ಬಂತು.

"ಅವಳ ಕೈಗೆ ಫೋನು ಕೊಡಿ," ಎಂದಳು ಜಯಮಾಲಾ.

"ಮಲಗಿದ್ದಾಳೆ. ಮೊನ್ನೆ ನಿಮ್ಮ ಮಷೀನೇ ಹೇಳಿತಲ್ಲ, ಸ್ವಲ್ಪ ತ್ರಾಸ ಅಂತ? ಆಗ ನೀವೇ ಹಾಗೆ ಹೇಳಿ, ಈಗ ನೀವೇ ಗಾಬರಿಯಾದರೆ ಹೇಗೆ?"

ಕರೆ ಕಡಿಯಿತು. ಜಯಮಾಲಾ ಮೆಟ್ಟಿಲ ಮೇಲೆಯೇ ಕುಳಿತಳು. ತನ್ನ ತಪ್ಪು ಯಂತ್ರದ ಬಾಯಿಂದ ಆ ಮನೆಗೆ ತಿರುಗಿ ಹೋಗಿತ್ತು. ಅಷ್ಟೇ ಅಲ್ಲ, ಅಪ್ಪಣೆಯಾಗಿ ಹೋಗಿತ್ತು. ಫೋನಿನವರೇ ಸ್ವಲ್ಪ ಎಂದ ಮೇಲೆ ಹುಡುಗಿಯ ಮಾತನ್ನು ಯಾರು ನಂಬುತ್ತಾರೆ?

ಕೆಂಪು ಒತ್ತುವ ಗುಂಡಿ ಅವಳ ಕೈಯಲ್ಲಿದ್ದ ಕಚೇರಿಯ ಟ್ಯಾಬಿನಲ್ಲೂ ಇತ್ತು. ಒತ್ತಿದರೆ ಒಳಗಿನ ದೊಡ್ಡ ಪರದೆ ಕೆಂಪಾಗುತ್ತದೆ. ಅತಿಥಿಗಳು ಏನೆಂದು ಕೇಳುತ್ತಾರೆ. ಮೊದಲು ತಾನೇ ಹೋಗಿ ಕಣ್ಣಾರೆ ನೋಡಿದರಾಯಿತು, ಒಂದು ವೇಳೆ ಅದು ಶೇಗಡಿಯ ಬಿಸಿಯೇ ಆಗಿದ್ದರೆ ಯಾರಿಗೂ ಏನೂ ತಿಳಿಯದು ಎಂದು ಅವಳು ತನಗೇ ಹೇಳಿಕೊಂಡಳು. ಸರ್‌ಗೆ ತನಗೆ ತಲೆನೋವೆಂದು ಸುಳ್ಳು ಸಂದೇಶ ಕಳಿಸಿ ರಸ್ತೆಗಿಳಿದಳು. ಆ ಗುಂಡಿಯ ಮೇಲೆ ಬಾರದ ಬೆರಳನ್ನು ಮುಂದೆ ಅವಳು ಎಷ್ಟೋ ಸಲ ನೋಡಿಕೊಂಡಿದ್ದಾಳೆ.

ಷೇರ್ ಆಟೋ ತುಂಬುವವರೆಗೆ ಚಾಲಕ ಕದಲಲಿಲ್ಲ. "ಇನ್ನೊಂದ್ ಸೀಟ್ ಬರ್ಲಿ ಬಾಯಿ. ದಾಳಿಂಬ ಎಲ್ಲಿಗೂ ಓಡಿ ಹೋಗಂಗಿಲ್ಲ." ಮಗ್ಗುಲಲ್ಲಿ ಕುಳಿತ ಮುದುಕಿಯೊಬ್ಬಳು ಅವಳ ಮುಖ ನೋಡಿ, "ಯಾಕವ್ವಾ, ಇಷ್ಟ್ ಬೆವತೀದಿ? ಗಂಡನ ಮನಿಗೆ ಹೊಂಟೀದಿ ಏನ?" ಎಂದು ಛೇಡಿಸಿದಳು. ಉಳಿದವರು ನಕ್ಕರು. ಜಯಮಾಲಾ ತಿಳಿಯದವಳಂತೆ ಮರಾಠಿಯಲ್ಲಿ ಏನೆಂದು ಕೇಳಿದಳು. ರೂಢಿ ಅಷ್ಟು ಗಟ್ಟಿಯಾಗಿತ್ತು. ಹೊರಗೆ ಸೋಯಾ ಹೊಲಗಳು ಹಳದಿಗಟ್ಟಿದ್ದವು. ಲಾರಿಗಳು ಸೋಲಾಪುರದ ಕಡೆಗೆ ಗಾಳಿ ಎಬ್ಬಿಸಿ ಹೋಗುತ್ತಿದ್ದವು. ಆಟೋ ಎಲ್ಲಿ ಕೈ ಅಡ್ಡ ಬಂದರೂ ನಿಂತಿತು.

ಸರುಬಾಯಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಬಾಣಂತಿಯ ಬಟ್ಟೆಗಳು ಒಣಗುತ್ತಿದ್ದವು. ಫೋನಿನವಳೆಂದು ಹೇಳಿದ ಮೇಲೆ ಸರುಬಾಯಿ ಅವಳನ್ನು ಒಳಕ್ಕೆ ಬಿಟ್ಟಳು. ಒಳಕೋಣೆಯ ಕಿಟಕಿ ಮುಚ್ಚಿತ್ತು. ಬಾಗಿಲು ದಾಟುತ್ತಲೇ ಕೆಂಡದ ಕಾವಿನೊಡನೆ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ಶೇಗಡಿಗೆ ಆ ವಾಸನೆಯಿಲ್ಲ.

ಮಂಚದ ಮೇಲಿದ್ದ ಹುಡುಗಿಗೆ ಇಪ್ಪತ್ತರ ಆಸುಪಾಸು. ತುಟಿ ಒಡೆದಿತ್ತು. ಎರಡು ಚಾದರಗಳ ಕೆಳಗೆ ಮೈಯೆಲ್ಲ ಕುಣಿಯುವಂತೆ ನಡುಗುತ್ತಿತ್ತು. ಪಕ್ಕದಲ್ಲಿ ಕೂಸು ಹಸಿವಿಗೆ ಬಾಯಿ ತೆರೆದು, ಅಳಲು ಬೇಸತ್ತು ಮಲಗಿತ್ತು. ಜಯಮಾಲಾ ಹಣೆಯ ಮೇಲೆ ಕೈಯಿಟ್ಟು ತಟ್ಟನೆ ಹಿಂತೆಗೆದಳು.

"ತಾಪ ಕೇವ್ಹಾಪಾಸೂನ್ ಆಹೇ?" ಜ್ವರ ಯಾವಾಗಿನಿಂದ ಎಂದು ಅವಳು ಕೇಳಿದಳು.

ಶಿವಾನಿ ಕಣ್ಣು ಬಿಟ್ಟು ನೋಡಿದಳು. ಕೇಳಿದ್ದು ತಿಳಿದಿರಲಿಲ್ಲ.

"ಕರ್ನಾಟಕದ ಕಡೆಯ ಹುಡುಗಿ," ಎಂದು ಸರುಬಾಯಿ ಮರಾಠಿಯಲ್ಲಿ ಹೇಳಿದಳು. "ಆಳಂದದ ಹತ್ತಿರ ತವರು. ಮರಾಠಿ ಒಂದೆರಡು ಶಬ್ದ ಬಿಟ್ಟರೆ ಬರುವುದಿಲ್ಲ. ನಾನೇ ಕೇಳಿ ಹೇಳುತ್ತೇನೆ."

ಅತ್ತೆಯ ಬಾಯಿಂದ ಸೊಸೆಯ ಮಾತು ಕೇಳಿ ಪಾರಾಗಬಹುದಿತ್ತು. ಒಂದು ಉಸಿರಿನಷ್ಟು ಹೊತ್ತು ಜಯಮಾಲಾ ಆ ಆಸೆಗೆ ಬಿದ್ದಳು ಕೂಡ. ಅಷ್ಟರಲ್ಲಿ ಹುಡುಗಿಯ ಬೆರಳು ಅವಳ ಮುಂಗೈ ಹಿಡಿಯಿತು. ಸುಡುತ್ತಿತ್ತು.

"ಹೊಟ್ಟಿ ನೋಯ್ತಾದೇನ ತಂಗಿ?" ಎಂದು ಜಯಮಾಲಾ ಕೇಳಿದಳು. ವರ್ಷಗಳಿಂದ ಆಡದ ಮಾತು ಬಾಯಿಯಲ್ಲಿ ಕಲ್ಲಿನಂತೆ ಉರುಳಿತು.

ಶಿವಾನಿಯ ಕಣ್ಣು ಅಗಲವಾಯಿತು. "ನೋಯ್ಲತಾದ್ರಿ ಅಕ್ಕಾ. ಕೆಳಗ. ಬೆಂಕಿ ಇಟ್ಟಂಗ." ಸ್ವಲ್ಪ ತಡೆದು, "ನೀವು ನಮ್ಮ ಮಾತಿನವ್ರೇನ್ರಿ? ಮತ್ತ ಫೋನಿನ್ಯಾಗ ಯಾಕ ಮಾತಾಡ್ಲಿಲ್ಲ?"

ಜಯಮಾಲಾ ಟ್ಯಾಬು ತೆಗೆದು ಕೆಂಪು ಒತ್ತಿದಳು.

ಟ್ಯಾಬಿನ ತೆರೆ ಮೂರು ಭಾಗವಾಯಿತು. ಒಂದರಲ್ಲಿ ಉದಗೀರದಿಂದ ಡಾಕ್ಟರ್ ಪ್ರಾಜಕ್ತಾ, ಕತ್ತಿನಲ್ಲಿ ಸ್ಟೆತಾಸ್ಕೋಪು. ಇನ್ನೊಂದರಲ್ಲಿ ಈ ಕೋಣೆಯೇ. ಮೂರನೆಯದರಲ್ಲಿ ಉಮರ್ಗಾದ ಕಚೇರಿ. ಸಂಜುಕುಮಾರ ಸರ್, ಅವರ ಹಿಂದೆ ಕುರ್ಚಿಯಿಂದ ಅರ್ಧ ಎದ್ದ ಅತಿಥಿಗಳು.

"ಜಯಮಾಲಾ? ತಲೆನೋವು ಅಂದಿದ್ದಿರಿ!" ಎಂದರು ಸರ್.

"ಗಾಡಿ ಕಳಿಸಿ ಸರ್. ಮೊದಲು ಗಾಡಿ."

ಡಾಕ್ಟರು ಹುಡುಗಿಯ ಮುಖವನ್ನು ಹತ್ತಿರದಿಂದ ತೋರಿಸಲು ಹೇಳಿದರು. ಚಾದರ ತೆಗೆಸಿದರು, ಶೇಗಡಿ ಹೊರಗೆ ಇಡಿಸಿದರು, ಕಿಟಕಿ ತೆರೆಸಿದರು. ಹೆರಿಗೆಯಾಗಿ ವಾರವೂ ಕಳೆದಿಲ್ಲವೆಂದು ತಿಳಿದು ಅವರ ಹುಬ್ಬು ಗಂಟಾಯಿತು. "ಗರ್ಭಕೋಶಕ್ಕೆ ನಂಜು ಏರಿದೆ. ಎಷ್ಟು ಹೊತ್ತಿನಿಂದ ಏರಿದೆ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಜ್ವರ ಯಾವಾಗ ಆರಂಭವಾಯಿತು? ಸರಿಯಾಗಿ ಕೇಳಿ ಹೇಳಿ."

ಜಯಮಾಲಾ ಕೇಳಿದಳು. ಶಿವಾನಿ ಉಸಿರು ಕೂಡಿಸಿಕೊಂಡು ಹೇಳಿದಳು: "ಮೊನ್ನಿನಿಂದ ಅದ್ರಿ. ಮುಂಜಾನಿ ಚಳಿ ಬಂತು. ಫೋನ್ ಬಂದಾಗ ಹೇಳೀನ್ರಿ, ಜರ ಅದ್ರೀ ಅಂತ. ಯಾರೂ ಬರ್ಲಿಲ್ಲ. ಮಷೀನು ಜರಾ ಅಂತು, ಎಲ್ರೂ ಜರಾ ಅಂದ್ರು."

ತೆರೆಯೊಳಗೆ ಎಲ್ಲರೂ ಕಾಯುತ್ತಿದ್ದರು.

"ಮೊನ್ನೆ ಬೆಳಿಗ್ಗೆಯಿಂದ ಡಾಕ್ಟರ್," ಎಂದಳು ಜಯಮಾಲಾ ಮರಾಠಿಯಲ್ಲಿ. ಅಷ್ಟಕ್ಕೇ ನಿಲ್ಲಿಸಿದಳು.

"ಮೊನ್ನೆಯಿಂದ!" ಡಾಕ್ಟರ ಧ್ವನಿ ಏರಿತು. "ಮೊನ್ನೆಯಿಂದ ಸುಡುತ್ತಿದ್ದರೂ ಒಬ್ಬರಿಗೂ ಹೇಳಲಿಲ್ಲವೇ? ಎಲ್ಲಿ ಆ ಅತ್ತೆ? ಬಾಯಿ, ನಿಮ್ಮ ಮಗಳಾಗಿದ್ದರೆ ಹೀಗೆ ಮುಚ್ಚಿಡುತ್ತಿದ್ದಿರಾ? ಕೈಯಲ್ಲಿ ಫೋನಿದ್ದೂ?"

ಸರುಬಾಯಿಗೆ ಮರಾಠಿ ಪೂರ್ತಿ ತಿಳಿಯುತ್ತಿತ್ತು. ಅವಳ ಮುಖ ಇಳಿಯಿತು. ಊರಿನಲ್ಲಿ ಯಾರ ಮುಂದೆಯೂ ತಲೆ ತಗ್ಗಿಸದ ಹೆಂಗಸು ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ಗೋಡೆಗೆ ಸರಿದಳು. "ನಾ ಆಕಿ ಕೈಗೇ ಫೋನು ಕೊಟ್ಟಿದ್ದೆ," ಎಂದು ಕನ್ನಡದಲ್ಲಿ, ಯಾರಿಗೆಂದಿಲ್ಲದೆ ಹೇಳಿದಳು. "ಮಷೀನು ಜರಾ ತ್ರಾಸ ಅಂತು. ಅದಕ್ಕ ಒಂದು ಒತ್ತೀನಿ. ಕಲ್ತವ್ರು ಅಂದಿದ್ದು ಖರೇ ಅಂತ ತಿಳಕೊಂಡೆ."

ಜಯಮಾಲಾ ಇದನ್ನೂ ಕೇಳಿದಳು. ಇದನ್ನೂ ಮರಾಠಿಗೆ ದಾಟಿಸಲಿಲ್ಲ. ಕೈಯಲ್ಲಿನ ಟ್ಯಾಬು ಅಲುಗದಂತೆ ಹಿಡಿಯುವುದೇ ದೊಡ್ಡ ಕೆಲಸವೆಂಬಂತೆ ಅದನ್ನೇ ನೋಡುತ್ತಿದ್ದಳು.

ಮಂಚದ ಮೇಲಿನ ಹುಡುಗಿ ಮೊಣಕೈಯೂರಿ ಏಳಲು ನೋಡಿದಳು.

"ಅಕ್ಕಾ."

"ಏಳಬ್ಯಾಡ ತಂಗಿ, ಮಲಕೋ."

"ನಾ ಅಷ್ಟೇ ಹೇಳಿಲ್ರಿ. ಉದ್ದ ಹೇಳೀನಿ. ನೀವು ಗಿಡ್ಡ ಮಾಡೀರಿ." ಉಸಿರು ಸಿಕ್ಕಿಕೊಂಡಿತು, ಮತ್ತೆ ಬಂತು. "ನಮ್ಮತ್ತಿಗ್ಯಾಕ ಬೈಲತಾರ? ನಾ ಹೇಳಿದ್ದು ಪೂರಾ ಹೇಳ್ರಿ."

"ಏನು ಹೇಳುತ್ತಿದ್ದಾಳೆ?" ಎಂದರು ಡಾಕ್ಟರು.

ಕೂಸು ಮುಲುಗಿತು. ಜಯಮಾಲಾಳ ಕಿವಿ ಕಾದವು. ಇಂಥ ಕಾವು ಅವಳಿಗೆ ಹೊಸದಲ್ಲ. ನಿಲಂಗಾದ ಶಾಲೆಯ ಜಗಲಿಯಿಂದ ಅದು ಅವಳ ಜೊತೆಗೇ ಬಂದಿತ್ತು. ಆದರೆ ಅಲ್ಲಿ ತಪ್ಪು ಅವಳದಾಗಿರಲಿಲ್ಲ. ಇಲ್ಲಿ ಒಂದು ಹುಡುಗಿ ಸಾಯುವಷ್ಟು ಬಳಲಿ, ತನ್ನ ಮಾತನ್ನು ತನಗೆ ತಿರುಗಿ ಕೊಡಿ ಎಂದು ಕೇಳುತ್ತಿದ್ದಾಳೆ.

"ಶಿವಾನಿ ಹೇಳುತ್ತಿರುವುದು ಇದು," ಎಂದು ಜಯಮಾಲಾ ಮರಾಠಿಯಲ್ಲಿ ಆರಂಭಿಸಿದಳು. "'ಮೊನ್ನೆ ಬೆಳಿಗ್ಗೆ ಚಳಿ ಬಂತು. ಫೋನು ಬಂದಾಗ ನನಗೆ ಜ್ವರ ಇದೆ ಎಂದು ಹೇಳಿದೆ. ಯಾರೂ ಬರಲಿಲ್ಲ. ಯಂತ್ರ ಅದನ್ನು ಸ್ವಲ್ಪ ಎಂದು ತಿರುಗಿ ಹೇಳಿತು, ಎಲ್ಲರೂ ಸ್ವಲ್ಪ ಎಂದರು.' ಅತ್ತೆ ಏನನ್ನೂ ಮುಚ್ಚಿಟ್ಟಿಲ್ಲ ಡಾಕ್ಟರ್. ಯಂತ್ರ ಹೇಳಿದ್ದನ್ನು ನಂಬಿದಳು."

"ಯಂತ್ರಕ್ಕೆ ಹಾಗೆ ಹೇಳಿಕೊಟ್ಟವರು ಯಾರು?" ಎಂದು ಅತಿಥಿಗಳಲ್ಲೊಬ್ಬರು ಹಿಂದಿನಿಂದ ಕೇಳಿದರು. ಬೆಳಿಗ್ಗೆ ಬೆರಳ ನಡುವೆ ಎಳ್ಳಿನಷ್ಟು ಜಾಗ ತೋರಿಸಿದವರೇ.

"ನಾನು. ಜರ ಅಂದರೆ ಕನ್ನಡದಲ್ಲಿ ಜ್ವರ. ಬೆಳಿಗ್ಗೆ ನೀವೆಲ್ಲ ನಕ್ಕಾಗ ನನಗೆ ತಿಳಿಯಿತು. ಆಗಲೂ ಹೇಳಲಿಲ್ಲ."

ಸಂಜುಕುಮಾರ ಸರ್ ಕನ್ನಡಕ ತೆಗೆದರು. "ನಿಮಗೆ ಕನ್ನಡ ಬರುತ್ತದೆಯೇ?"

"ನಮ್ಮ ಮನೆಮಾತು ಸರ್."

ಅವರು ಏನೋ ಕೇಳಲು ಬಾಯಿ ತೆರೆದರು. ಡಾಕ್ಟರು ತಡೆದರು: "ಅದೆಲ್ಲ ಆಮೇಲೆ. ಜಯಮಾಲಾ, ಸ್ರಾವಕ್ಕೆ ವಾಸನೆ ಇದೆಯೇ, ಎಷ್ಟು ಹೋಗುತ್ತಿದೆ, ಕೇಳಿ. ಮತ್ತು ಅವಳು ಹೇಳಿದಷ್ಟನ್ನೂ ಹೇಳಿ. ಸರುಬಾಯಿ, ನಾನು ಬೈದದ್ದು ತಪ್ಪಾಯಿತು."

ಗಾಡಿ ಬರುವವರೆಗೂ ಪ್ರಶ್ನೆ ಈ ಕಡೆಯಿಂದ ಆ ಕಡೆಗೆ, ಉತ್ತರ ಆ ಕಡೆಯಿಂದ ಈ ಕಡೆಗೆ ಹೋಗುತ್ತಿದ್ದವು. ಶಿವಾನಿ ಪ್ರತಿ ಉತ್ತರ ಹೇಳಿದ ಮೇಲೂ ಜಯಮಾಲಾಳ ತುಟಿಯನ್ನೇ ನೋಡುತ್ತಿದ್ದಳು. ಮರಾಠಿ ತಿಳಿಯದಿದ್ದರೂ ಮಾತಿನ ಉದ್ದ ಅವಳಿಗೆ ತಿಳಿಯುತ್ತಿತ್ತು.

ಉಮರ್ಗಾದ ಆಸ್ಪತ್ರೆಯಲ್ಲಿ ಸಂಜೆಯೊಳಗೆ ಸಲಾಯಿನ್ ಏರಿಸಿದರು. ಗರ್ಭಕೋಶದಲ್ಲಿ ಉಳಿದಿದ್ದ ಮಾಸಿನ ಚೂರನ್ನು ತೆಗೆದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಜ್ವರ ಇಳಿಯತೊಡಗಿತು. ಉದಗೀರದಿಂದ ಡಾಕ್ಟರ್ ಪ್ರಾಜಕ್ತಾ ಫೋನಿನಲ್ಲಿ, ಇನ್ನೊಂದು ದಿನ ಹೀಗೇ ಬಿಟ್ಟಿದ್ದರೆ ಕೈಮೀರುತ್ತಿತ್ತು ಎಂದರು. ಹುಡುಗಿ ಬದುಕುತ್ತಾಳೆ ಎಂಬ ಮಾತನ್ನು ಜಯಮಾಲಾ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ವಾರ್ಡಿನ ಹೊರಗೆ ಬಾಕಿನ ಮೇಲೆ ಸರುಬಾಯಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಜಯಮಾಲಾ ಪಕ್ಕದಲ್ಲಿ, ಒಂದು ಮೊಳ ದೂರ ಬಿಟ್ಟು ಕುಳಿತಳು. ಕೂಸು ಕಿರಿಕಿರಿ ಮಾಡಿದಾಗ ಜಯಮಾಲಾ ಎರಡೂ ಕೈ ಚಾಚಿದಳು.

"ಇಲ್ಲಿ ಕೊಡ್ರಿ ಅತ್ತಿ, ನಾ ಸ್ವಲ್ಪ ಹಿಡೀತೀನಿ. ನೀವು ಚಾ ಕುಡದು ಬರ್ರಿ."

ಸರುಬಾಯಿ ಕೂಸನ್ನು ಇನ್ನಷ್ಟು ಎದೆಗೆ ಸರಿಸಿಕೊಂಡಳು. "ಬ್ಯಾಡ," ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಕೂಸು ಆಡಸಲಿಕ್ಕ ನಿನ್ನ ಇಲ್ಲಿ ಕೂಡಿಸ್ಕೊಂಡಿಲ್ಲ. ಒಳಗ ಆ ನರ್ಸಬಾಯಿಗೆ ಶಿವಾನಿ ಮಾತು ತಿಳೀವಲ್ದು. ನಾ ಹೇಳಿದ್ರ ಆಕಿ ನಡುವ ಬಾಯಿ ಹಾಕತಾಳ, ಮುದುಕಿ ನೀ ಸುಮ್ನಿರು ಅಂತಾಳ. ನಿನ್ನ ಮಾತು ಕೇಳ್ತಾಳ. ಹೋಗು, ನಿಂದರು ಅಲ್ಲಿ."

ಜಯಮಾಲಾ ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಳು. ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು.

ಒಳಗೆ ನರ್ಸು ಕೈಯಲ್ಲಿ ಚಾರ್ಟು ಹಿಡಿದು ಅವಸರದಲ್ಲಿದ್ದಳು. ಜಯಮಾಲಾಳನ್ನು ಕಂಡು, "ಇವತ್ತು ಹೇಗಿದ್ದಾಳಂತೆ? ನೀವೇ ಹೇಳಿಬಿಡಿ, ಬರೆದುಕೊಳ್ಳುತ್ತೇನೆ," ಎಂದಳು.

"ಅವಳನ್ನು ಕೇಳುತ್ತೇನೆ," ಎಂದು ಜಯಮಾಲಾ ಮಂಚದ ಕಡೆ ತಿರುಗಿ, ವಾರ್ಡಿನ ಎಲ್ಲ ಮಂಚಗಳಿಗೂ ಕೇಳಿಸುವಂತೆ ಕನ್ನಡದಲ್ಲಿ ಪ್ರಶ್ನೆ ಹಾಕಿದಳು. ಹಲವು ತಲೆಗಳು ಈ ಕಡೆ ಹೊರಳಿದವು. ಒಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಅಂದು ನಕ್ಕಳು. ಶಿವಾನಿ ದಿಂಬಿನ ಮೇಲೆ ತಲೆ ಸರಿಪಡಿಸಿಕೊಂಡು, ಅವಸರವಿಲ್ಲದೆ ಹೇಳತೊಡಗಿದಳು. ನರ್ಸು ಎರಡು ಸಲ ಗಡಿಯಾರ ನೋಡಿದಳು. ಜಯಮಾಲಾ ತಲೆ ತಗ್ಗಿಸಿ, ಅವಳು ಮುಗಿಸುವವರೆಗೂ ಕಾದಳು.